ಕೌದಿ ಹೊಲಿದವಳ ಹೆಸರು

ಕರ್ನಾಟಕದ ನೇಯ್ಗೆಯ ಬಗ್ಗೆ ಮಾತಾಡುವವರು ಬಹಳ ಮಂದಿ ಇದ್ದಾರೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಮೊಳಕಾಲ್ಮೂರಿನ ರೇಷ್ಮೆ ಇವೆಲ್ಲ ಲೇಖನಗಳಿಗೆ, ಪ್ರದರ್ಶನಗಳಿಗೆ, ಸರಕಾರಿ ಯೋಜನೆಗಳಿಗೆ ವಸ್ತುವಾಗಿವೆ. ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರಕಿದೆ. ಆದರೆ ಅದೇ ಇಳಕಲ್ ಸೀರೆ ಹತ್ತಾರು ವರ್ಷ ಉಟ್ಟು, ಒಗೆದು, ಬಣ್ಣ ಮಾಸಿ, ಸೆರಗು ಹರಿದ ಮೇಲೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ಅದು ಕೌದಿಯಾಗುತ್ತದೆ. ಅಂಗಡಿಯಿಂದ ಬಂದ ಬಟ್ಟೆ ತನ್ನ ಬೆಲೆಯನ್ನೆಲ್ಲ ಕಳೆದುಕೊಂಡ ನಂತರ ಹೆಣ್ಣೊಬ್ಬಳ ಕೈಗೆ ಬಂದು ಎರಡನೇ ಜನ್ಮ ಪಡೆಯುತ್ತದೆ. ಈ ಎರಡನೇ ಜನ್ಮಕ್ಕೆ ನಮ್ಮ ಸಂಸ್ಕೃತಿ ಚರ್ಚೆಯಲ್ಲಿ ಸಿಕ್ಕಿರುವ ಜಾಗ ಬಹಳ ಚಿಕ್ಕದು.

ಹಾಗೆಂದು ಕೌದಿಯ ಬಗ್ಗೆ ಯಾರೂ ಬರೆದಿಲ್ಲ ಎಂದೇನಲ್ಲ. ಬರೆದಾಗ ಸಾಮಾನ್ಯವಾಗಿ ಎರಡು ಧಾಟಿಗಳು ಕಾಣುತ್ತವೆ. ಒಂದು, ಕೌದಿಯನ್ನು ‘ಅಳಿವಿನಂಚಿನ ಜಾನಪದ ಕಲೆ’ಯೆಂದು ಕರೆದು, ಅದರ ಬಣ್ಣವನ್ನು ಮೆಚ್ಚಿ, ಉಳಿಸಬೇಕೆಂದು ಕರೆ ಕೊಡುವ ಧಾಟಿ. ಇನ್ನೊಂದು, ಅದನ್ನು ತಾಯಿಯ ಮಡಿಲಿಗೆ, ಅಜ್ಜಿಯ ಮಮತೆಗೆ ಹೋಲಿಸಿ ಕಣ್ಣು ಒದ್ದೆ ಮಾಡಿಕೊಳ್ಳುವ ಧಾಟಿ. ಎರಡರಲ್ಲೂ ಪ್ರೀತಿ ಇದೆ, ಸುಳ್ಳಿಲ್ಲ. ಆದರೆ ಎರಡೂ ಒಂದೊಂದು ಸಂಗತಿಯನ್ನು ಮರೆಮಾಡುತ್ತವೆ. ಮೊದಲನೆಯದು ಕೌದಿ ಯಾರಿಗಾಗಿ ಹೊಲಿಯಲ್ಪಟ್ಟಿತು ಎಂಬುದನ್ನು ಮರೆಯುತ್ತದೆ. ಎರಡನೆಯದು ಅದಕ್ಕೆ ಎಷ್ಟು ದುಡಿಮೆ ಬಿತ್ತು ಎಂಬುದನ್ನು ಮರೆಯುತ್ತದೆ. ಇಬ್ಬರೂ ಸೇರಿ ಮರೆಯುವುದು ಹೊಲಿದವಳ ಹೆಸರನ್ನು.

ಮನೆಯವರಿಗಾಗಿ, ಬಂಧುಬಳಗಕ್ಕಾಗಿ ಕೈಯಿಂದ ಮಾಡಿದ ವಸ್ತುವನ್ನು ವಿಮರ್ಶೆ ಹೇಗೆ ನೋಡಬೇಕು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು, ಕೌದಿ ಮತ್ತು ಹೊಲಿಗೆ ಹೆಣಿಗೆಗಳನ್ನು ಕುರಿತ ಕೆಲವು ಕೃತಿಗಳನ್ನು, ಕೆಲವು ಪ್ರದರ್ಶನಗಳನ್ನು ಇಲ್ಲಿ ಪರಿಶೀಲಿಸಬಹುದು.

ಹೊಲಿಗೆಯ ವ್ಯಾಕರಣ

ಮೊದಲು ವಸ್ತುವನ್ನೇ ನೋಡೋಣ. ಉತ್ತರ ಕರ್ನಾಟಕದಲ್ಲಿ ಕೌದಿ ಎನ್ನುವುದನ್ನು ದಖನಿ ಮಾತಾಡುವ ಮನೆಗಳಲ್ಲಿ ಗೋದಡಿ ಎನ್ನುತ್ತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿಗಳಲ್ಲಿ ಅದು ಕವಂದಿ. ಹೆಸರು ಬೇರೆಯಾದರೂ ಮೂಲ ವಿಧಾನ ಒಂದೇ. ಕೆಳಗೆ ಅಸ್ತರಿಗೆ ಒಂದು ಇಡೀ ಸೀರೆ. ನಡುವೆ ಹರಿದ ಪಂಚೆ, ಲುಂಗಿ, ಲಂಗ, ಕೆಲವೊಮ್ಮೆ ಸವೆದುಹೋದ ಹಳೆಯ ಕೌದಿಯೇ. ಮೇಲೆ ಬಣ್ಣಬಣ್ಣದ ತುಂಡುಗಳು. ಇವೆಲ್ಲವನ್ನೂ ಸಾದಾ ಓಟದ ಹೊಲಿಗೆಯಿಂದ ಒಂದಾಗಿಸಬೇಕು. ಬಳಸಿ ಮೆತ್ತಗಾದ ಹತ್ತಿ ಬಟ್ಟೆಯೇ ಇದಕ್ಕೆ ಉತ್ತಮ. ಹೊಸ ಬಟ್ಟೆ ಗಡುಸು, ಸೂಜಿಗೂ ಕಷ್ಟ, ಮೈಗೂ ಕಷ್ಟ. ಹಾಗಾಗಿ ಕೌದಿಗೆ ಬೇಕಾದ ಮುಖ್ಯ ಸಾಮಗ್ರಿಯನ್ನು ಪೇಟೆಯಲ್ಲಿ ಕೊಳ್ಳಲು ಬರುವುದಿಲ್ಲ. ಅದು ಒಂದು ಕುಟುಂಬ ಬದುಕಿದ ಮೇಲೆ ಮಾತ್ರ ಸಿಗುತ್ತದೆ.

ಸಿದ್ದಿ ಹೆಂಗಸರು ಸಾಮಾನ್ಯವಾಗಿ ಒಂದು ಅಂಚಿನಿಂದ ಶುರುಮಾಡಿ, ನಾಲ್ಕೂ ಬದಿಗೆ ಸುತ್ತು ಹಾಕುತ್ತ, ಒಳಗೊಳಗೆ ಬರುತ್ತ ಕೊನೆಗೆ ನಡುಮಧ್ಯಕ್ಕೆ ತಲುಪುತ್ತಾರೆ. ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ ಮಾಡಿದ ಮುಮ್ಮೂಲೆಯ ಹೂವನ್ನು ಇಡುತ್ತಾರೆ. ಅದಕ್ಕೆ ‘ಫುಲ’ ಎಂದು ಹೆಸರು. ಅದಿಲ್ಲದಿದ್ದರೆ ಕವಂದಿ ಪೂರ್ತಿಯಾದಂತೆ ಅಲ್ಲ. ಕೆಲವರು ನಡುವಿನ ಕೊನೆಯ ತುಂಡನ್ನು ಮುಚ್ಚುವ ಮುಂಚೆ ಒಳಗೆ ನಾಲ್ಕು ಅಕ್ಕಿಕಾಳು ಹಾಕುತ್ತಾರೆ. ಹೊದ್ದವರ ಬಾಳು ತುಂಬಿರಲಿ ಎಂಬ ಹಾರೈಕೆ ಅದು. ಸಿದ್ದಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಕೆಲವರ ಕವಂದಿಯಲ್ಲಿ ಅರ್ಧಚಂದ್ರವೋ ಶಿಲುಬೆಯೋ ಕಾಣಿಸಿಕೊಳ್ಳುತ್ತದೆ. ಆದರೆ ಹೊಲಿಗೆಯ ನಡಿಗೆ ಮೂವರದೂ ಒಂದೇ.

ಇಲ್ಲಿ ಮುಂಚೆ ಬರೆದಿಟ್ಟ ನಕಾಶೆ ಇರುವುದಿಲ್ಲ. ಟೇಪು ಹಿಡಿದು ಅಳತೆ ತೆಗೆಯುವುದೂ ಇಲ್ಲ. ಕೈಗೆ ಸಿಕ್ಕ ತುಂಡು ಕೆಂಪೋ ಹಸಿರೋ, ಚೌಕವೋ ಉದ್ದನೆಯ ಪಟ್ಟಿಯೋ, ಅದರ ಪಕ್ಕಕ್ಕೆ ಏನು ಕೂಡುತ್ತದೆ ಎಂಬುದನ್ನು ಅಲ್ಲಲ್ಲೇ ತೀರ್ಮಾನಿಸಬೇಕು. ಒಂದು ಕೌದಿಯೆಂದರೆ ಇಂಥ ನೂರಾರು ತೀರ್ಮಾನಗಳ ಮೊತ್ತ. ‘ಜಾನಪದ’ ಎಂದಕೂಡಲೇ ಹಿಂದಿನವರು ಮಾಡಿದ್ದನ್ನು ಯೋಚನೆಯಿಲ್ಲದೆ ಮಾಡುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕೌದಿಯ ಮುಂದೆ ಹತ್ತು ನಿಮಿಷ ಕುಳಿತು ನೋಡಿದವರಿಗೆ ಅದು ತಪ್ಪೆಂದು ತಿಳಿಯುತ್ತದೆ. ಒಂದೇ ಓಣಿಯ ಇಬ್ಬರು ಹೆಂಗಸರ ಕೌದಿಗಳು ಒಂದೇ ತರಹ ಇರುವುದಿಲ್ಲ. ಮನೆಯವರಿಗೆ ಹೊಲಿಗೆ ನೋಡಿದರೆ ಸಾಕು, ಇದು ಯಾರ ಕೈಯದು ಎಂದು ಹೇಳುತ್ತಾರೆ. ಅಂದರೆ ಇದಕ್ಕೆ ಕರ್ತೃ ಇದ್ದಾಳೆ. ಹೆಸರು ಬಿದ್ದುಹೋಗುವುದು ಕೌದಿ ಮನೆಯಿಂದ ಹೊರಗೆ ಬಂದಾಗ.

ತೇಪೆಯ ಹೊಲಿಗೆ ಚಿಂತನೆಗೆ ಯೋಗ್ಯವಾದ ವಿಷಯವಲ್ಲ ಎನ್ನುವವರು ಹನ್ನೊಂದನೇ ಶತಮಾನದ ಸೂಫಿ ಹುಜ್ವೀರಿಯ ‘ಕಶ್ಫುಲ್ ಮಹಜೂಬ್’ ಅನ್ನು ನೋಡಬೇಕು. ಲಾಹೋರಿನಲ್ಲಿ ನೆಲೆಸಿದ್ದ ಈ ಸಂತ ತನ್ನ ಪಾರಸಿ ಗ್ರಂಥದಲ್ಲಿ ಫಕೀರರ ತೇಪೆಯ ಅಂಗಿಗೆ, ಅಂದರೆ ಮುರಕ್ಕಾಗೆ, ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ತೇಪೆ ಹಾಕುವ ಬಗ್ಗೆ ಸೂಫಿಗಳಲ್ಲಿ ಎರಡು ಪಕ್ಷಗಳಿದ್ದುದನ್ನು ಅವನು ದಾಖಲಿಸುತ್ತಾನೆ. ಸೂಜಿ ಎಲ್ಲಿ ಹೊರಬರುತ್ತದೋ ಅಲ್ಲಿಂದ ದಾರ ಎಳೆದರಾಯಿತು, ಅಂದಕ್ಕೆ ತಲೆ ಕೆಡಿಸಿಕೊಳ್ಳಬಾರದು ಎನ್ನುವುದು ಒಂದು ಪಕ್ಷ. ಹೊಲಿಗೆ ನೇರವಾಗಿ, ಒಪ್ಪವಾಗಿ ಇರಬೇಕು, ಅದೂ ಸಾಧನೆಯ ಭಾಗವೇ ಎನ್ನುವುದು ಇನ್ನೊಂದು ಪಕ್ಷ. ಮುಂದುವರಿದು, ತೇಪೆಯ ಅಂಗಿಯನ್ನು ಜನರ ಮೆಚ್ಚುಗೆಗಾಗಿ ತೊಡುವವರನ್ನು ಅವನು ಕಟುವಾಗಿ ಟೀಕಿಸುತ್ತಾನೆ. ಹರಿದ ಬಟ್ಟೆಯನ್ನು ಮತ್ತೆ ಬಾಳಿಸಲು ಹಾಕಿದ ತೇಪೆ ಬೇರೆ, ತೋರಿಕೆಗೆ ಹಾಕಿದ ತೇಪೆ ಬೇರೆ. ಇವತ್ತು ಹೊಸ ಬಟ್ಟೆಯನ್ನು ಬೇಕೆಂದೇ ಕತ್ತರಿಸಿ, ಚೂರು ಜೋಡಿಸಿ, ‘ಪ್ಯಾಚ್‌ವರ್ಕ್’ ಎಂದು ಮಾರುವ ಅಂಗಡಿಗಳ ಮುಂದೆ ನಿಂತಾಗ ಈ ಭೇದ ನೆನಪಾಗುತ್ತದೆ. ಸೂಫಿ ಪರಂಪರೆಯಲ್ಲಿ ಗುರುವಿನಿಂದ ಶಿಷ್ಯನಿಗೆ ಖಿರ್ಕಾ ದಾಟುತ್ತದೆ. ಅಲ್ಲಿಯೂ ಬಟ್ಟೆಯ ಬೆಲೆ ಇರುವುದು ನೂಲಿನಲ್ಲಲ್ಲ, ಯಾರಿಂದ ಯಾರಿಗೆ ಬಂತು ಎಂಬುದರಲ್ಲಿ.

ಬಳಸುವುದೋ, ತೂಗುಹಾಕುವುದೋ

ಕೌದಿಯಂಥ ವಸ್ತುವಿನ ನಿಜವಾದ ವಾರಸುದಾರರು ಯಾರು ಎಂಬ ಪ್ರಶ್ನೆಯನ್ನು ಅಮೆರಿಕದ ಕಪ್ಪು ಲೇಖಕಿ ಆಲಿಸ್ ವಾಕರ್ 1973ರಲ್ಲಿ ಪ್ರಕಟವಾದ ‘ಎವ್ರಿಡೇ ಯೂಸ್’ ಎಂಬ ಸಣ್ಣಕತೆಯಲ್ಲಿ ಎತ್ತಿದ್ದಾರೆ. ನಮ್ಮ ಕಾಲೇಜುಗಳ ಇಂಗ್ಲಿಷ್ ತರಗತಿಗಳಲ್ಲೂ ಪರಿಚಿತವಾದ ಕತೆ ಇದು. ಹಳ್ಳಿಯಲ್ಲಿ ತಾಯಿ ಮತ್ತು ಕಿರಿಯ ಮಗಳು ಮ್ಯಾಗಿ. ಬೆಂಕಿ ಅನಾಹುತದಲ್ಲಿ ಮೈ ಸುಟ್ಟುಕೊಂಡ ಮ್ಯಾಗಿ ಸಂಕೋಚದ ಹುಡುಗಿ. ಹಿರಿಯ ಮಗಳು ಡೀ ಓದಿದವಳು, ಪೇಟೆಯವಳು, ತನ್ನ ಹೆಸರನ್ನೂ ಆಫ್ರಿಕದ ಹೆಸರಾಗಿ ಬದಲಿಸಿಕೊಂಡವಳು. ಅವಳು ಊರಿಗೆ ಬಂದು ಅಜ್ಜಿಯ ಕಾಲದ ಎರಡು ಕೌದಿಗಳನ್ನು ಕೇಳುತ್ತಾಳೆ. ಅದರಲ್ಲಿ ಅಜ್ಜಿಯ ಉಡುಪಿನ ತುಂಡುಗಳಿವೆ. ಅಂತರ್ಯುದ್ಧದಲ್ಲಿ ಮುತ್ತಜ್ಜ ತೊಟ್ಟಿದ್ದ ಸಮವಸ್ತ್ರದ, ಬೆಂಕಿಪೊಟ್ಟಣದಷ್ಟು ಚಿಕ್ಕ ನೀಲಿ ಚೂರೂ ಇದೆ. ಆದರೆ ತಾಯಿ ಅವನ್ನು ಮ್ಯಾಗಿಯ ಮದುವೆಗೆಂದು ಎತ್ತಿಟ್ಟಿದ್ದಾಳೆ. ಮ್ಯಾಗಿ ಇವುಗಳನ್ನು ದಿನಬಳಕೆಗೆ ಹಾಕಿ ಹಾಳುಮಾಡುತ್ತಾಳೆ ಎಂದು ಡೀ ಸಿಡುಕುತ್ತಾಳೆ. ನೀನೇನು ಮಾಡುತ್ತೀ ಎಂದರೆ, ತೂಗುಹಾಕುತ್ತೇನೆ ಎನ್ನುತ್ತಾಳೆ. ತಾಯಿ ಕೌದಿಗಳನ್ನು ಅವಳ ಕೈಯಿಂದ ಕಸಿದು ಮ್ಯಾಗಿಯ ಮಡಿಲಿಗೆ ಹಾಕುತ್ತಾಳೆ.

ಈ ಕತೆಯನ್ನು ಹಳ್ಳಿ ಒಳ್ಳೆಯದು, ಪೇಟೆ ಕೆಟ್ಟದ್ದು ಎಂಬ ನೀತಿಗೆ ಇಳಿಸಿ ಓದುವುದು ಸುಲಭ. ಆದರೆ ಡೀಯ ಆತಂಕ ಪೂರ್ತಿ ಸುಳ್ಳಲ್ಲ. ದಿನಾ ಹೊದ್ದರೆ ಕೌದಿ ಕೆಲವೇ ವರ್ಷಗಳಲ್ಲಿ ಚಿಂದಿಯಾಗುವುದು ನಿಜ. ವಸ್ತುಸಂಗ್ರಹಾಲಯಗಳು ಇಲ್ಲದಿದ್ದರೆ ಎಷ್ಟೋ ಹಳೆಯ ಹೊಲಿಗೆ ಇವತ್ತು ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ. ಕತೆಯ ಬಲ ಇರುವುದು ತಾಯಿ ಕೊಡುವ ಉತ್ತರದಲ್ಲಿ. ಹರಿದರೆ ಮ್ಯಾಗಿ ಇನ್ನೊಂದನ್ನು ಹೊಲಿಯಬಲ್ಲಳು, ಅವಳಿಗೆ ಹೊಲಿಗೆ ಗೊತ್ತು. ಡೀಗೆ ಪರಂಪರೆ ಬಟ್ಟೆಯಲ್ಲಿದೆ. ತಾಯಿಗೆ ಅದು ಕೈಯಲ್ಲಿದೆ. ಬಟ್ಟೆ ಕಾಪಾಡಲು ಗಾಜಿನ ಪೆಟ್ಟಿಗೆ ಸಾಕು. ಕೈ ಕಾಪಾಡಲು ಕಲಿಸುವ ಅಜ್ಜಿ, ಕಲಿಯುವ ಮೊಮ್ಮಗಳು, ಕೂತು ಹೊಲಿಯುವಷ್ಟು ಬಿಡುವು ಬೇಕು. ಸವೆದ ಕೌದಿಯೇ ಹೊಸ ಕೌದಿಯ ನಡುವಿನ ಪದರವಾಗುವ ನಮ್ಮ ರೂಢಿಯನ್ನು ಈ ಬೆಳಕಿನಲ್ಲಿ ನೋಡಬೇಕು. ಅಲ್ಲಿ ಹರಿಯುವುದು ನಾಶವಲ್ಲ.

ಬಂಗಾಳದ ಕಾಂಥಾ ಈ ಚರ್ಚೆಗೆ ಇನ್ನೊಂದು ಆಯಾಮ ಕೊಡುತ್ತದೆ. ಕಾಂಥಾವೂ ಹಳೆಯ ಸೀರೆ, ಪಂಚೆಗಳ ಪದರವೇ. ಆದರೆ ಅದರ ಮೇಲೆ ಚಿತ್ರಗಳನ್ನೂ ಕತೆಗಳನ್ನೂ ಹೊಲಿಯುತ್ತಾರೆ. ಪೂರ್ವ ಬಂಗಾಳದ ಕವಿ ಜಸೀಮುದ್ದೀನ್ 1929ರಲ್ಲಿ ಪ್ರಕಟಿಸಿದ ‘ನಕ್ಷಿ ಕಾಂಥಾರ್ ಮಾಠ್’ ಎಂಬ ಕಥನಕಾವ್ಯದಲ್ಲಿ ರೂಪಾಯಿ ಮತ್ತು ಸಾಜು ಎಂಬ ಮುಸ್ಲಿಂ ರೈತ ದಂಪತಿಯಿದ್ದಾರೆ. ಬೆಳೆ ಕೊಯ್ಲಿನ ಜಗಳದಲ್ಲಿ ಕೊಲೆಗಳಾಗಿ ರೂಪಾಯಿ ಊರು ಬಿಟ್ಟು ಓಡಿಹೋಗುತ್ತಾನೆ. ಕಾಯುತ್ತ ಕೂತ ಸಾಜು ತಮ್ಮಿಬ್ಬರ ಬದುಕನ್ನೆಲ್ಲ ಕಾಂಥಾದ ಮೇಲೆ ಹೊಲಿಯುತ್ತಾಳೆ. ತನ್ನ ಗೋರಿಯ ಮೇಲೆ ಅದನ್ನು ಹೊದಿಸಿ ಎಂದು ಹೇಳಿ ಸಾಯುತ್ತಾಳೆ. ಎಷ್ಟೋ ಕಾಲದ ನಂತರ ಆ ಗೋರಿಯ ಪಕ್ಕದಲ್ಲಿ, ಅದೇ ಕಾಂಥಾ ಹೊದ್ದ ಗಂಡನ ಹೆಣ ಸಿಗುತ್ತದೆ.

ಅಕ್ಷರ ಬಾರದ ಹಳ್ಳಿಯ ಹೆಣ್ಣೊಬ್ಬಳ ಆತ್ಮಕತೆಯನ್ನು ಕನ್ನಡದಲ್ಲಿ ಹುಡುಕುವವರಿಗೆ ಈ ಕಾವ್ಯ ಒಂದು ಸುಳಿವು. ಆ ಆತ್ಮಕತೆ ಕಾಗದದ ಮೇಲೆ ಇರಬೇಕೆಂದಿಲ್ಲ. ಅದಕ್ಕೆ ಸಾವಿರ ಓದುಗರೂ ಬೇಕಿಲ್ಲ, ಒಬ್ಬನಿದ್ದರೆ ಸಾಕು. ಆದರೂ ಒಂದು ಮಾತನ್ನು ಹೇಳಲೇಬೇಕು. ಸಾಜುವಿನ ಕಾಂಥಾ ನಮಗೆ ತಲುಪುವುದು ಒಬ್ಬ ಗಂಡಸು ಕವಿಯ ಮಾತಿನ ಮೂಲಕ. ಕೋಲ್ಕತ್ತಾದ ಹೊರವಲಯದ ಗುರುಸದಯ ಸಂಗ್ರಹಾಲಯದಲ್ಲಿರುವ ಹತ್ತೊಂಬತ್ತನೇ ಶತಮಾನದ ಒಂದು ಕಾಂಥಾದ ಕತೆ ಹಾಗಲ್ಲ. ಅದನ್ನು ಹೊಲಿದ ಮಾನದಾಸುಂದರಿ ಎಂಬಾಕೆ ತನ್ನ ಹೆಸರನ್ನೂ, ಇದನ್ನು ತಂದೆಗಾಗಿ ಮಾಡಿದೆ ಎಂಬ ಮಾತನ್ನೂ ಅದೇ ಸೂಜಿಯಿಂದ ಬಟ್ಟೆಯ ಮೇಲೆ ಬರೆದಿದ್ದಾಳೆ. ಮಾಡಿದವಳು ಯಾರು, ಪಡೆದವರು ಯಾರು ಎಂಬ ಎರಡೂ ಅಲ್ಲಿವೆ. ನಮ್ಮ ಕೌದಿಗಳ ಬಗ್ಗೆ ನಾವು ಕೇಳಬೇಕಾದದ್ದೂ ಇಷ್ಟೇ.

ಉಡುಗೊರೆಯ ಇನ್ನೊಂದು ಮುಖ

ಇಲ್ಲಿಯವರೆಗೆ ನೋಡಿದ ಕೃತಿಗಳಲ್ಲಿ ಕೈಯಿಂದ ಮಾಡಿದ ವಸ್ತು ಪ್ರೀತಿಯ ಗುರುತು. ಆದರೆ ಅದು ಯಾವಾಗಲೂ ಹಾಗೆಯೇ ಇರುತ್ತದೆಯೆ? ಇಸ್ಮತ್ ಚುಗ್ತಾಯಿ ಎಂದಕೂಡಲೇ ನಮ್ಮ ಓದುಗರಿಗೆ 1942ರ ‘ಲಿಹಾಫ್’ ನೆನಪಾಗುತ್ತದೆ. ಆದರೆ ಹೆಣ್ಣಿನ ಹೊಲಿಗೆಯ ಬಗ್ಗೆ ಆಕೆ ಬರೆದ ಅತ್ಯಂತ ನಿಷ್ಠುರವಾದ ಕತೆ ‘ಚೌಥಿ ಕಾ ಜೋಡಾ’. ಚೌಥಿ ಎಂದರೆ ಮದುವೆಯ ನಾಲ್ಕನೇ ದಿನದ ಶಾಸ್ತ್ರ. ಅಂದು ಮದುಮಗಳು ತೊಡುವ ಉಡುಪು ಕತೆಯ ಕೇಂದ್ರ.

ಕುಬ್ರಾಳ ತಾಯಿ ಬಡ ವಿಧವೆ, ಆದರೆ ಬಟ್ಟೆ ಕತ್ತರಿಸುವುದರಲ್ಲಿ ನಿಸ್ಸೀಮಳು. ಎಷ್ಟೇ ಕಡಿಮೆ ಬಟ್ಟೆ ತಂದರೂ ಅದರಲ್ಲೇ ಉಡುಪು ಹೊಂದಿಸಿ ಕೊಡುತ್ತಾಳೆ. ಮೊಹಲ್ಲಾದ ಮದುವೆಯ ಉಡುಪಿಗೂ ಅವಳೇ, ಕಫನ್‌ಗೂ ಅವಳೇ. ಹಿರಿಮಗಳು ಕುಬ್ರಾಳಿಗೆ ಮಾತ್ರ ಗಂಡು ಸಿಗುತ್ತಿಲ್ಲ. ಸೋದರಸಂಬಂಧಿ ರಾಹತ್ ಪೊಲೀಸ್ ತರಬೇತಿಗೆಂದು ಬಂದು ಮನೆಯಲ್ಲಿ ಉಳಿದಾಗ ಆಸೆ ಚಿಗುರುತ್ತದೆ. ಒಡವೆ ಮಾರಿ ಅವನಿಗೆ ಪರಾಠಾ ತಿನ್ನಿಸುತ್ತಾರೆ. ಪರದೆಯ ಹಿಂದಿರುವ ಕುಬ್ರಾ ಅವನಿಗಾಗಿ ಸ್ವೆಟರ್ ಹೆಣೆಯುತ್ತಾಳೆ. ತಂಗಿ ಹಮೀದಾ ಅದನ್ನು ಕೊಡಲು ಹೋದರೆ, ಇದು ನೀನು ಹೆಣೆದದ್ದೋ ಎಂದು ಅವನು ಕೇಳುತ್ತಾನೆ. ಅಲ್ಲವೆಂದರೆ, ಹಾಗಾದರೆ ನಾನು ತೊಡುವುದಿಲ್ಲ ಎನ್ನುತ್ತಾನೆ. ಚೆನ್ನಾಗಿ ತಿಂದು, ತಂಗಿಯ ಮೇಲೆ ಕಣ್ಣುಹಾಕಿ, ಬೇರೆಡೆ ನಿಶ್ಚಯವಾಗಿದ್ದ ತನ್ನ ಮದುವೆಗೆ ಹೊರಟುಹೋಗುತ್ತಾನೆ. ಕುಬ್ರಾ ಕ್ಷಯದಿಂದ ಸಾಯುತ್ತಾಳೆ. ಚೌಥಿಯ ಜೋಡಾ ಕತ್ತರಿಸಿದ ಅದೇ ಜಗಲಿಯಲ್ಲಿ ತಾಯಿ ಮಗಳ ಕಫನ್ ಅಳತೆ ಮಾಡುತ್ತಾಳೆ.

ಸ್ವೆಟರಿನ ಆ ಒಂದು ಸನ್ನಿವೇಶ ‘ಕೈಯಿಂದ ಮಾಡಿದ ಉಡುಗೊರೆ’ಯ ಬಗ್ಗೆ ನಮಗಿರುವ ಎಲ್ಲ ನಯವಾದ ಭಾವನೆಗಳನ್ನೂ ಒಡೆಯುತ್ತದೆ. ಪಡೆಯುವವನಿಗೆ ಆ ದುಡಿಮೆ ಕಾಣಿಸುವುದೇ ಇಲ್ಲ. ಅವನಿಗೆ ಅದು ತಮಾಷೆಗೊಂದು ನೆಪ. ಕೊಡುವವಳಿಗೂ ಅದು ಸ್ವತಂತ್ರವಾದ ಪ್ರೀತಿಯ ಕೆಲಸವಲ್ಲ, ತನ್ನನ್ನು ಒಪ್ಪಿಕೊಳ್ಳಿ ಎಂಬ ಅರ್ಜಿ. ವರದಕ್ಷಿಣೆಯ ಲೆಕ್ಕದಲ್ಲಿ ಬಂಗಾರ, ನಗದು ಇಲ್ಲದವಳು ತನ್ನ ಕಣ್ಣು ಮತ್ತು ಬೆರಳುಗಳನ್ನೇ ಕೊಡುತ್ತಿದ್ದಾಳೆ. ನಮ್ಮ ಕಡೆಯೂ ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿಯ ಕಸೂತಿ, ಕ್ರೋಶಾ, ಸ್ವೆಟರುಗಳನ್ನು ತಂದು ಗಂಡಿನವರ ಮುಂದೆ ಇಡುವ ಪದ್ಧತಿ ಇತ್ತು. ಅದು ಕಲೆಯ ಪ್ರದರ್ಶನವಾಗಿರಲಿಲ್ಲ, ಹೆಣ್ಣಿನ ತಾಳ್ಮೆಯ ಪರೀಕ್ಷೆಯಾಗಿತ್ತು. ಇದನ್ನೆಲ್ಲ ಬದಿಗಿಟ್ಟು ‘ಅಜ್ಜಿಯ ಕೈಯ ಬೆಚ್ಚಗಿನ ಹೊದಿಕೆ’ ಎಂದಷ್ಟೇ ಹಾಡುವುದು ಅರ್ಧ ಸತ್ಯ.

ಕನ್ನಡದಿಂದಲೇ ಒಂದು ಉದಾಹರಣೆ ಕೊಡಬಹುದು. 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಪಡೆದ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿ ಬಾನು ಮುಷ್ತಾಕ್ ಅವರ ಕಫನ್ ಕುರಿತ ಒಂದು ಕತೆಯಿದೆ. ಹಜ್‌ಗೆ ಹೊರಟ ಅನುಕೂಲಸ್ಥ ಶಾಜಿಯಾಳನ್ನು ಬಡ ಮುದುಕಿ ಯಾಸೀನ್ ಬುವಾ ಝಂಝಂ ನೀರಿನಲ್ಲಿ ಅದ್ದಿದ ಕಫನ್ ತಂದುಕೊಡಲು ಕೇಳಿಕೊಳ್ಳುತ್ತಾಳೆ. ಖರೀದಿಯ ಗದ್ದಲದಲ್ಲಿ ಶಾಜಿಯಾಗೆ ಅದು ಮರೆತುಹೋಗುತ್ತದೆ. ಮುದುಕಿ ಸತ್ತ ದಿನ ಆ ಮರೆವಿನ ಭಾರ ಅವಳ ಮೇಲೆ ಬೀಳುತ್ತದೆ. ಇಲ್ಲಿ ಕೈಹೊಲಿಗೆ ಇಲ್ಲ, ಆದರೆ ಪ್ರಶ್ನೆ ಅದೇ. ಒಂದು ತುಂಡು ಬಟ್ಟೆಯನ್ನು ಇನ್ನೊಬ್ಬರಿಗೆಂದು ತರುವಾಗ ಅಥವಾ ಹೊಲಿಯುವಾಗ, ಆ ವ್ಯಕ್ತಿ ನಮ್ಮ ಮನಸ್ಸಿನಲ್ಲಿ ಎಷ್ಟು ಹೊತ್ತು ಇದ್ದರು? ಕೌದಿ ಹೊಲಿಯುವವಳಿಗೆ ಈ ಮರೆವು ಸಾಧ್ಯವೇ ಇಲ್ಲ. ಹುಟ್ಟಲಿರುವ ಮಗುವಿಗೆ ತೊಟ್ಟಿಲ ಕೌದಿ ಹೊಲಿಯುವಷ್ಟು ದಿನ ಅವಳು ಆ ಮಗುವಿನ ಜೊತೆಯಲ್ಲೇ ಇರುತ್ತಾಳೆ. ಕೈಯಿಂದ ಮಾಡಿದ್ದಕ್ಕೂ ಕೊಂಡದ್ದಕ್ಕೂ ಇರುವ ವ್ಯತ್ಯಾಸ ಅಂದಚಂದದಲ್ಲಿ ಇಲ್ಲ. ಎಷ್ಟೋ ಸಲ ಕೊಂಡದ್ದೇ ಚಂದವಿರುತ್ತದೆ. ವ್ಯತ್ಯಾಸ ಇರುವುದು ಆ ದಿನಗಳಲ್ಲಿ.

ಗೋಡೆಯ ಮೇಲಿನ ಕೌದಿ

ಮನೆಯವರಿಗೆಂದು ಮಾಡಿದ ವಸ್ತು ಗ್ಯಾಲರಿಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಊರಿನ ಅನುಭವವನ್ನು ನೋಡಬೇಕು. ನದಿಯ ತಿರುವಿನಲ್ಲಿರುವ ಈ ಊರಿನವರು ಹೆಚ್ಚಿನಂಶ ಪೆಟ್‌ವೇ ತೋಟದ ಗುಲಾಮರ ವಂಶಸ್ಥರು. ಚಳಿ ತಡೆಯಲು ಹಳೆಯ ಕೆಲಸದ ಬಟ್ಟೆಗಳಿಂದ ಕೌದಿ ಹೊಲಿದುಕೊಂಡವರು. 1942ರಲ್ಲಿ ಮಿಸ್ಸೂರಿ ಪೆಟ್‌ವೇ ಎಂಬಾಕೆ ತೀರಿಕೊಂಡ ಗಂಡನ ಕೆಲಸದ ಬಟ್ಟೆಗಳನ್ನು ಬಿಚ್ಚಿ ಒಂದು ಕೌದಿ ಮಾಡಿದಳು, ಅವನ ನೆನಪಿನಲ್ಲಿ ಅದನ್ನು ಹೊದೆಯಲೆಂದು. ನಾಗರಿಕ ಹಕ್ಕುಗಳ ಹೋರಾಟದ ಕಾಲದಲ್ಲಿ, 1966ರಲ್ಲಿ, ಅಲ್ಲಿನ ಹೆಂಗಸರು ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರ ಸಂಘ ಕಟ್ಟಿಕೊಂಡರು.

2002ರಲ್ಲಿ ಹ್ಯೂಸ್ಟನ್ನಿನ ಕಲಾಸಂಗ್ರಹಾಲಯದಲ್ಲಿ, ನಂತರ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಗೀಸ್ ಬೆಂಡಿನ ಕೌದಿಗಳ ಪ್ರದರ್ಶನವಾಯಿತು. ವಿಮರ್ಶಕರು ಅವುಗಳನ್ನು ಆಧುನಿಕ ಅಮೂರ್ತ ಚಿತ್ರಕಲೆಯ ಪಕ್ಕದಲ್ಲಿಟ್ಟು ಕೊಂಡಾಡಿದರು. 2006ರಲ್ಲಿ ಅಂಚೆಚೀಟಿಗಳ ಮೇಲೆ ಬಂದವು. ಹೊಲಿದವರ ಹೆಸರುಗಳು ಕೌದಿಯ ಪಕ್ಕದಲ್ಲಿ ಅಚ್ಚಾದವು. ಇದೆಲ್ಲ ಸಂತೋಷದ ವಿಷಯ. ಆದರೆ 2007ರಲ್ಲಿ ಕೆಲವು ಹೊಲಿಗೆಗಾರ್ತಿಯರು ತಮಗೆ ಸಲ್ಲಬೇಕಾದ ಹಣ ಸಲ್ಲಲಿಲ್ಲ ಎಂದು ನ್ಯಾಯಾಲಯಕ್ಕೆ ಹೋದರು. 2008ರಲ್ಲಿ ಆ ದಾವೆಗಳು ರಾಜಿಯಲ್ಲಿ ಮುಗಿದವು. ಹೆಸರು ಸಿಕ್ಕ ಮೇಲೂ ಲೆಕ್ಕ ಉಳಿದಿತ್ತು ಎಂಬುದು ಇದರ ಪಾಠ.

ನಮ್ಮ ಸಿದ್ದಿಗಳ ಕವಂದಿಯೂ ಈ ದಾರಿಯಲ್ಲಿ ಸ್ವಲ್ಪ ದೂರ ಹೋಗಿದೆ. ಆಫ್ರಿಕನ್ ಕಲೆಯ ಅಮೆರಿಕನ್ ವಿದ್ವಾಂಸ ಹೆನ್ರಿ ಡ್ರ್ಯೂವಲ್ ಈ ಶತಮಾನದ ಮೊದಲ ದಶಕದಲ್ಲಿ ಉತ್ತರ ಕನ್ನಡದಲ್ಲಿ ಓಡಾಡಿ ಕವಂದಿಗಳ ಬಗ್ಗೆ ಬರೆದರು. ಹೆಂಗಸರ ಒಂದು ಕೌದಿ ಸಹಕಾರ ಸಂಘವೂ ಆಗ ಹುಟ್ಟಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಡ್ರ್ಯೂವಲ್ ತಮ್ಮ ಬರಹದಲ್ಲಿ ಕವಂದಿ ಹೊಲಿದ ಹೆಂಗಸರನ್ನು ಹೆಸರು ಹಿಡಿದೇ ಗುರುತಿಸುತ್ತಾರೆ. ಇದು ನಮ್ಮ ಎಷ್ಟೋ ಜಾನಪದ ಸಂಗ್ರಹಗಳಲ್ಲಿ ಕಾಣದ ಸೌಜನ್ಯ.

ಆದರೆ ಈ ಓದಿನ ಬಗ್ಗೆಯೂ ಒಂದು ತಕರಾರು ಇರಬೇಕು. ಕವಂದಿಯ ಗಾಢ ಬಣ್ಣ ಮತ್ತು ಲಯದಲ್ಲಿ ಆಫ್ರಿಕದ ನೆನಪನ್ನು ಕಾಣುವವರಿದ್ದಾರೆ. ಅದನ್ನು ತಳ್ಳಿಹಾಕಬೇಕಿಲ್ಲ. ಆದರೆ ಹಳೆ ಸೀರೆಯ ಅಸ್ತರು, ಓಟದ ಹೊಲಿಗೆ, ಬೇಸಿಗೆಯ ಬಿಡುವಿನ ಕೂಟ ಇವೆಲ್ಲ ಪಕ್ಕದ ಲಿಂಗಾಯತ, ಮರಾಠ, ಮುಸ್ಲಿಂ, ದಲಿತ ಮನೆಗಳಲ್ಲೂ ಇರುವಂಥವು. ಸಿದ್ದಿ ಹೆಂಗಸು ಕವಂದಿಯಲ್ಲಿ ಆಫ್ರಿಕಾವನ್ನು ನೆನೆಯುತ್ತಿದ್ದಾಳೋ, ನೆರೆಮನೆಯವಳ ಜೊತೆ ಮಾತಾಡುತ್ತಿದ್ದಾಳೋ? ಎರಡೂ ಇರಬಹುದು. ಒಂದು ಸಮುದಾಯಕ್ಕೆ ‘ಅನನ್ಯತೆ’ಯನ್ನು ಹುಡುಕಿಕೊಡುವ ಉತ್ಸಾಹದಲ್ಲಿ ಅದು ನೆರೆಹೊರೆಯ ಜೊತೆ ಹಂಚಿಕೊಂಡ ಬದುಕನ್ನು ಅಳಿಸಿಹಾಕಬಾರದು. ಇವತ್ತಿನ ಕರ್ನಾಟಕದಲ್ಲಿ ಈ ಎಚ್ಚರಕ್ಕೆ ಹೆಚ್ಚಿನ ಅರ್ಥವಿದೆ. ಜನರನ್ನು ಬೇರೆಬೇರೆ ಎಂದು ತೋರಿಸುವ ಸಾಕ್ಷ್ಯಗಳನ್ನು ಹುಡುಕುವವರು ಸಾಕಷ್ಟಿದ್ದಾರೆ. ಕೌದಿ ಮತ್ತು ಗೋದಡಿ ಒಂದೇ ಕೈಚಳಕದ ಎರಡು ಹೆಸರು ಎಂಬುದೂ ಒಂದು ಸಾಕ್ಷ್ಯವೇ.

ವಿಮರ್ಶೆ ಕೇಳಬೇಕಾದ ಪ್ರಶ್ನೆಗಳು

ಕೌದಿಯ ಇನ್ನೊಂದು ಲೋಕವನ್ನು ಮರೆಯುವಂತಿಲ್ಲ. ಅದು ಕೂಲಿಯ ಲೋಕ. ಉತ್ತರ ಕರ್ನಾಟಕದ ಓಣಿಗಳಲ್ಲಿ ಅಲೆಮಾರಿ ಸಮುದಾಯಗಳ ಹೆಂಗಸರು ಕೌದಿ ಹೊಲಿದುಕೊಡುತ್ತೇವೆ ಎಂದು ಕೂಗುತ್ತ ಬರುವುದುಂಟು. ಮನೆಯವರು ತಮ್ಮ ಹಳೆಬಟ್ಟೆ ಕೊಡುತ್ತಾರೆ, ಅವರು ಕಟ್ಟೆಯ ಮೇಲೆ ಕುಳಿತು ಹೊಲಿದುಕೊಟ್ಟು ಹಣವನ್ನೋ ಕಾಳನ್ನೋ ಪಡೆಯುತ್ತಾರೆ. ಮುಂದೆ ಆ ಕೌದಿಯನ್ನು ಮಗಳಿಗೋ ಮೊಮ್ಮಗುವಿಗೋ ಕೊಡುವಾಗ ಅದು ‘ನಮ್ಮ ಮನೆಯ ಕೌದಿ’. ಬಟ್ಟೆ ಮನೆಯದು ನಿಜ, ಕೈ ಯಾರದು? ಉಡುಗೊರೆಯ ಪ್ರೀತಿಯೊಳಗೆ ಹೀಗೆ ಇನ್ನೊಬ್ಬಳ ದುಡಿಮೆ ಕರಗಿಹೋಗಿರುತ್ತದೆ. ಕೂಲಿಗೆ ಹೊಲಿದದ್ದು ಎಂಬ ಕಾರಣಕ್ಕೆ ಅದರ ಕಲೆ ಕಡಿಮೆಯಾಗುವುದಿಲ್ಲ. ಬೇಕಾದದ್ದು ಸರಿಯಾದ ಕೂಲಿ ಮತ್ತು ಅವಳದೂ ಒಂದು ಹೆಸರು ಎಂಬ ಅರಿವು.

ಈಗ ಸಿಂಥೆಟಿಕ್ ಸೀರೆಗಳು ಬಂದು ಹಳೆಯ ಹತ್ತಿ ಬಟ್ಟೆಯೇ ಕಡಿಮೆಯಾಗಿದೆ. ಪಾಲಿಯೆಸ್ಟರ್ ಕೌದಿ ಬೆವರು ಹೀರುವುದಿಲ್ಲ, ಮೈಗೆ ಅಂಟುತ್ತದೆ. ಅಗ್ಗದ ರಗ್ಗುಗಳು ಸಂತೆಯಲ್ಲೂ ಸಿಗುತ್ತವೆ. ಹೊಲಗೆಲಸ, ಕೂಲಿ, ಗಾರ್ಮೆಂಟ್ಸ್ ಕಾರ್ಖಾನೆಗಳ ನಡುವೆ ಹೆಣ್ಣುಮಕ್ಕಳಿಗೆ ಬಿಡುವು ಉಳಿದಿಲ್ಲ. ದಿನವಿಡೀ ಕಾರ್ಖಾನೆಯಲ್ಲಿ ಬೇರೆ ದೇಶದವರ ಅಂಗಿಗೆ ಕಾಲರ್ ಹೊಲಿದು ಬಂದವಳಿಗೆ, ರಾತ್ರಿ ಕೂತು ಮನೆಯವರಿಗೆ ಕೌದಿ ಹೊಲಿ, ಪರಂಪರೆ ಉಳಿಸು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಕೌದಿ ಕಡಿಮೆಯಾಗಿರುವುದು ಹೆಂಗಸರಿಗೆ ಪ್ರೀತಿ ಕಡಿಮೆಯಾದ್ದರಿಂದಲ್ಲ. ಒಂದು ಹಿಂದಿನ ತಲೆಮಾರಿನವರಿಗೆ ಇದ್ದದ್ದು ಬಿಡುವೋ, ಬೇರೆ ದಾರಿ ಇಲ್ಲದಿರುವಿಕೆಯೋ ಎಂದೂ ಕೇಳಿಕೊಳ್ಳಬೇಕು.

ಹಾಗಾದರೆ ಏನು ಮಾಡಬೇಕು? ಕೌದಿಯನ್ನು ಪೂಜಿಸುವುದೂ ಬೇಡ, ಬರಿಯ ಸರಕಾಗಿ ನೋಡುವುದೂ ಬೇಡ. ಒಂದು ಕವಿತೆಯ ಮುಂದೆ ಕೇಳುವ ಪ್ರಶ್ನೆಗಳನ್ನು ಅದರ ಮುಂದೆಯೂ ಕೇಳೋಣ. ಹೊಲಿದವರ ಹೆಸರೇನು? ಯಾರಿಗಾಗಿ ಹೊಲಿದರು? ಎಷ್ಟು ದಿನ ಬೇಕಾಯಿತು? ಇಷ್ಟಪಟ್ಟು ಹೊಲಿದರೋ, ಬೇರೆ ಗತಿಯಿಲ್ಲದೆ ಹೊಲಿದರೋ? ಪಡೆದವರು ಅದನ್ನು ಏನು ಮಾಡಿದರು? ನಮ್ಮ ಜಾನಪದ ಸಂಗ್ರಹಾಲಯಗಳಲ್ಲಿ ಕೌದಿಯ ಪಕ್ಕದ ಚೀಟಿಯಲ್ಲಿ ಊರಿನ ಹೆಸರಿನ ಜೊತೆಗೆ ಹೊಲಿದವಳ ಹೆಸರೂ ಬರಲಿ. ಸಂಶೋಧಕರು ಲಾವಣಿ, ತತ್ವಪದಗಳ ಹಾಡುಗಾರರ ಹೆಸರು ಬರೆದುಕೊಳ್ಳುವಂತೆ ಕೌದಿಯವರ ಹೆಸರನ್ನೂ ಬರೆದುಕೊಳ್ಳಲಿ. ಹೊಲಿಗೆ ಕಲಿಯುವ ಮನಸ್ಸಿರುವ ಹುಡುಗಿಯರ ಜೊತೆ ಹುಡುಗರೂ ಕಲಿಯಲಿ. ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು ಎಂದು ಹದೀಸ್‌ಗಳು ಹೇಳುವ ಪ್ರವಾದಿಯ ಅನುಯಾಯಿಗಳು ಸೂಜಿಯನ್ನು ಹೆಂಗಸರ ಪಾಲಿಗೆ ಮಾತ್ರ ಬಿಟ್ಟಿರುವುದಕ್ಕೆ ಸಮರ್ಥನೆ ಇಲ್ಲ.

ಓದುಗರ ಮನೆಯ ಟ್ರಂಕಿನಲ್ಲೋ ಅಟ್ಟದ ಮೇಲೋ ಒಂದು ಹಳೆಯ ಕೌದಿ ಇರಬಹುದು. ಅದನ್ನು ಹೊರತೆಗೆದು ಬಿಸಿಲಿಗೆ ಹಾಕುವಾಗ ಮನೆಯ ಹಿರಿಯರನ್ನು ಕೇಳಿ. ಈ ಹಸಿರು ತುಂಡು ಯಾರ ಸೀರೆಯದು, ಈ ಚೌಕುಳಿ ಯಾರ ಲುಂಗಿಯದು, ಹೊಲಿದವರು ಯಾರು? ಹೇಳುವವರು ಇರುವಾಗಲೇ ಬರೆದಿಟ್ಟುಕೊಳ್ಳಿ.